ಕತ್ತೆಯೋ ಮೊಲವೋ

ನಮ್ಮ ಅತ್ತಿಗೆ ಪರದೆ ಹೊಲಿಯುತ್ತಾರೆ. ಕಿಟಕಿಯ ಅಳತೆ ತಂದು, ಬಟ್ಟೆ ಕತ್ತರಿಸಿ, ನೆರಿಗೆ ಹಿಡಿದು ಹೊಲಿದು, ಮತ್ತೆ ಅದೇ ಮನೆಗೆ ಹೋಗಿ ಏಣಿ ಹತ್ತಿ ನೇತುಹಾಕಿ ಬರುವವರೆಗಿನ ಎಲ್ಲ ಕೆಲಸವೂ ಅವರದೇ. ಒಂದು ಗೇಣು ಬಟ್ಟೆಯನ್ನೂ ಪೋಲು ಮಾಡದ ಇಂಥ ಹೆಂಗಸು ಪರದೇಶದಿಂದ ಕಾಗದ ಮಡಚುವ ಪುಸ್ತಕಗಳನ್ನು ತರಿಸುತ್ತಾರೆ ಎಂದರೆ ಯಾರು ನಂಬುತ್ತಾರೆ? ಪಾರ್ಸೆಲ್ಲುಗಳು ನನ್ನ ಕೈಗೇ ಬರದಿದ್ದರೆ ನಾನೂ ನಂಬುತ್ತಿರಲಿಲ್ಲ. ಕೆಳಗಿನ ಲಾಂಡ್ರಿ ಅಂಗಡಿ ನನ್ನದು, ಮೇಲಿನ ಮನೆಯಲ್ಲಿ ನಾವಿಬ್ಬರೂ ಇದ್ದೇವೆ. ಅತ್ತಿಗೆ ಯಾರದೋ ಮನೆಯಲ್ಲಿ ಏಣಿ ಹತ್ತಿರುವ ಹೊತ್ತಿಗೇ ಅಂಚೆಯವನು ಬರುತ್ತಾನೆ, ಸಹಿ ಹಾಕುವುದು ನಾನು.

ಇದಕ್ಕೆಲ್ಲ ಮೂಲ ನಮ್ಮಣ್ಣ. ಲಿಫ್ಟ್ ರಿಪೇರಿ ಮಾಡುತ್ತಿದ್ದ. ಮಹಾ ಅವಸರದ ಆಸಾಮಿ, ಶರ್ಟಿನ ಗುಂಡಿ ಒಂದು ಕಾಜ ತಪ್ಪಿಸಿ ಹಾಕಿಕೊಂಡು ಊರೆಲ್ಲ ಸುತ್ತಿ ಬರುತ್ತಿದ್ದ. ಯಾವ ಲಿಫ್ಟು ಯಾವಾಗ ಕೈಕೊಡುತ್ತದೋ ಗೊತ್ತಿಲ್ಲದ ಕಾರಣ ಊಟಕ್ಕೆ ಸರಿಯಾಗಿ ಬಂದ ದಿನಗಳೇ ಕಡಿಮೆ. ತಡವಾದ ದಿನ ಕ್ಷಮೆ ಗಿಮೆ ಏನೂ ಇಲ್ಲ. ಜೇಬಿನಿಂದ ರಸೀದಿ ಕಾಗದದಲ್ಲಿ ಮಡಚಿದ ಒಂದು ಪ್ರಾಣಿಯನ್ನು ತೆಗೆದು ಅತ್ತಿಗೆಯ ತಟ್ಟೆಯ ಪಕ್ಕ ಇಡುತ್ತಿದ್ದ.

“ಹೇಳು ನೋಡೋಣ, ಏನಿದು?”

ತಲೆಯ ಮೇಲೆ ಉದ್ದನೆಯ ಎರಡು ಚೂಪು, ಬೆನ್ನಿಗೊಂದು ಗುಬುಟು, ಬಾಲ ಇದೆಯೋ ಇಲ್ಲವೋ ಎಂಬಂತೆ. ಅತ್ತಿಗೆ ಪ್ರತಿ ಸಲವೂ ಮೊಲ ಎನ್ನುತ್ತಿದ್ದರು. ನಾನು ಕತ್ತೆ ಎನ್ನುತ್ತಿದ್ದೆ. ಎಣಿಸಿದರೆ ಕಾಲು ಮೂರೇ ಸಿಗುತ್ತಿದ್ದವು. “ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋದು ಇದಕ್ಕೇ ನೋಡಿ ಅತ್ತಿಗೆ” ಎಂದು ನಾನು ಕಿಚಾಯಿಸುತ್ತಿದ್ದೆ. ಅಣ್ಣ ಮಾತ್ರ ಬಾಯಿ ಬಿಡಲಿಲ್ಲ. ಮನೆಯಲ್ಲಿ ಅದಕ್ಕೆ ‘ಅದು’ ಎಂದೇ ಹೆಸರು ನಿಂತಿತು. ಬೈಯಲು ತಯಾರಾಗಿ ಕೂತ ಅತ್ತಿಗೆ ‘ಅದ’ರ ಮುಖ ನೋಡಿ ನಗುತ್ತಿದ್ದರು, ಜಗಳ ಅಲ್ಲಿಗೆ ಮುಗಿಯುತ್ತಿತ್ತು.

ಅಣ್ಣ ಹೋಗಿಬಿಟ್ಟ. ಹೃದಯಾಘಾತ. ಅದರಲ್ಲೂ ಅವಸರವೇ.

ಆಮೇಲೆ ಹುಡುಕಿದರೆ ಮನೆಯಲ್ಲಿ ಉಳಿದಿದ್ದು ಒಂದೇ ಒಂದು ‘ಅದು’. ಹೊಲಿಗೆ ಯಂತ್ರದ ಡ್ರಾಯರಿನಲ್ಲಿ, ದಾರದುಂಡೆಗಳ ನಡುವೆ ಬಿದ್ದಿತ್ತು. ಮಿಕ್ಕವೆಲ್ಲ ಗುಡಿಸುವಾಗ ಕಸಕ್ಕೆ ಹೋಗಿದ್ದವು. ನಾಳೆ ಹೇಗೂ ಇನ್ನೊಂದು ಬರುತ್ತದೆ ಎಂದಿರುವಾಗ ಯಾರು ಎತ್ತಿಡುತ್ತಾರೆ ಹೇಳಿ. ಉಳಿದದ್ದೂ ತೆಳ್ಳನೆಯ ರಸೀದಿ ಕಾಗದ. ಮಡಿಕೆಗಳ ಗುಂಟ ಬೆಳ್ಳಗಾಗಿ, ಒಂದು ಕಡೆ ಸೀಳಲು ಶುರುವಾಗಿತ್ತು.

“ಬಿಚ್ಚಿ ನೋಡಿ, ಹೇಗೆ ಮಡಚಿದಾನೆ ಅಂತ ಗೊತ್ತಾಗತ್ತಲ್ಲ” ಎಂದೆ ನಾನು.

“ಬಿಚ್ಚಿದ್ರೆ ಹರಿಯತ್ತೆ ಕಣೇ. ಹರಿದ್ರೆ ಮುಗೀತು, ಇನ್ನೊಂದು ಮಾಡೋಕೆ ಈ ಭೂಮಿ ಮೇಲೆ ಯಾರಿಗೂ ಬರಲ್ಲ.”

ಅತ್ತಿಗೆಯ ಸಂಕಟ ಇಷ್ಟೇ. ಅದನ್ನು ಮುಟ್ಟದೆ ಅಂಥದೇ ಇನ್ನೊಂದನ್ನು ಮಾಡಲು ಕಲಿಯಬೇಕು. ಸುಳಿವು ಎಂದು ಇದ್ದದ್ದು ಅಣ್ಣ ಯಾವಾಗಲೋ ಆಡಿದ ಒಂದು ಮಾತು. ಮಕ್ಕಳ ಡಾಕ್ಟರ ಕಟ್ಟಡದಲ್ಲಿ ಲಿಫ್ಟಿನ ಬಿಡಿಭಾಗಕ್ಕೆ ಕಾಯುತ್ತಾ ಕೂತಿದ್ದಾಗ, ಅಲ್ಲಿದ್ದ ಯಾವುದೋ ದೇಶದ ಪುಸ್ತಕ ನೋಡಿ ಕಲಿತನಂತೆ. ಕೆಂಪು ರಟ್ಟು. “ಓದೋದೇನಿದೆ ಅದ್ರಲ್ಲಿ, ಚಿತ್ರ ನೋಡ್ದೆ, ಮಡಚ್ದೆ” ಎಂದಿದ್ದ. ಅತ್ತಿಗೆ ಆ ಡಾಕ್ಟರನ್ನು ಹುಡುಕಿಕೊಂಡು ಹೋದರೆ ಅಲ್ಲಿ ನಲ್ಲಿ, ವಾಶ್‌ಬೇಸಿನ್ ಮಾರುವ ಅಂಗಡಿ ಬಂದಿತ್ತು. ಬರಿಗೈಯಲ್ಲಿ ಬರುವುದು ಹೇಗೆಂದು ಒಂದು ನಲ್ಲಿ ಕೊಂಡು ತಂದರು.

ಅಲ್ಲಿಂದ ಶುರುವಾಯಿತು ಪುಸ್ತಕ ತರಿಸುವ ಹುಚ್ಚು. ಇಲ್ಲಿನ ಅಂಗಡಿಗಳಲ್ಲಿ ಸಿಗುತ್ತಿದ್ದುದು ದೋಣಿ, ಟೋಪಿ, ವಿಮಾನ ಅಷ್ಟೇ. ಒರಿಗಾಮಿ ಎಂದು ಹುಡುಕಿದರೆ ಸಿಕ್ಕಿದವರೆಲ್ಲ ಸಮುದ್ರದಾಚೆಯವರು. ಒಬ್ಬರು ಹಳೆ ಪುಸ್ತಕದ ಅಂಗಡಿಯವರು, ಇನ್ನೊಬ್ಬಳು ಶಾಲೆ ಬಿಟ್ಟ ಟೀಚರು, ಮತ್ತೆ ಕೆಲವರು ಅಜ್ಜನ ಕಪಾಟು ಖಾಲಿ ಮಾಡುತ್ತಿರುವ ಮೊಮ್ಮಕ್ಕಳು. ಕೆಂಪು ರಟ್ಟು ಕಂಡಲ್ಲೆಲ್ಲ ಅತ್ತಿಗೆ ‘ಅದ’ರ ಫೋಟೋ ಕಳಿಸಿ, ಫೋನಿನಲ್ಲಿ ಭಾಷೆ ಬದಲಾಯಿಸಿಕೊಂಡು, “ಈ ಪ್ರಾಣಿ ನಿಮ್ಮ ಪುಸ್ತಕದಲ್ಲಿ ಇದೆಯೇ?” ಎಂದು ಕೇಳುವರು. ಉತ್ತರಗಳು ಒಂದಕ್ಕಿಂತ ಒಂದು ಮಜ. ಪುಸ್ತಕದಂಗಡಿಯವರು ನಾಯಿ ಎಂದರು. ಮೊಮ್ಮಕ್ಕಳು ಪಕ್ಕದಿಂದ ತೆಗೆದ ಫೋಟೋ ಕೇಳಿ, ಅದನ್ನೂ ನೋಡಿ, ಕುರ್ಚಿ ಎಂದರು. ಟೀಚರಮ್ಮ ಮಾತ್ರ, “ಇದನ್ನು ಮಾಡಿದವರು ಮುಗಿಸುವ ಮೊದಲು ಎದ್ದು ಹೋಗಿದ್ದಾರೆ ಅನಿಸುತ್ತದೆ” ಎಂದು ಬರೆದಿದ್ದಳು. ನನಗೆ ಮೈಯೆಲ್ಲ ಉರಿಯಿತು. ಅತ್ತಿಗೆ ಫೋನು ಕೆಳಗಿಟ್ಟು ಕತ್ತರಿ ಎತ್ತಿಕೊಂಡರು.

ಬಂದ ಪುಸ್ತಕಗಳನ್ನೇನು ಹಾಗೇ ಇಡುತ್ತಿರಲಿಲ್ಲ. ಮೊದಲ ಪುಟದಿಂದ ಕೊನೆಯವರೆಗೆ ಪ್ರತಿಯೊಂದನ್ನೂ ಮಡಚುವುದು. ಕೊಕ್ಕರೆ, ಆಮೆ, ಜಿರಳೆ. ಜಿರಳೆಯ ಪುಟದಲ್ಲಿ ನಾನು ಮನೆ ಬಿಟ್ಟು ಹೋಗುತ್ತೇನೆಂದೆ. ಬರಬರುತ್ತಾ ನನಗೂ ಕೆಟ್ಟ ಕುತೂಹಲ. ಪಾರ್ಸೆಲ್ಲು ಬಂದ ದಿನ ಗಿರಾಕಿಗಳ ಬಟ್ಟೆಗೆ ಗುರುತುಚೀಟಿ ಹಚ್ಚುತ್ತಾ ಒಂದು ಕಣ್ಣು ಅದರ ಮೇಲೇ. ಯಾರದೋ ದೇಶದ ಪೇಪರಿನಲ್ಲಿ ಸುತ್ತಿದ ಆ ಕಟ್ಟನ್ನು ಬಿಚ್ಚಿದಾಗ ಬರುವ ಹಳೆ ಕಪಾಟಿನ ವಾಸನೆ ಕೂಡ ಅಭ್ಯಾಸವಾಯಿತು. ಆದರೆ ‘ಅದು’ ಎಲ್ಲೂ ಇರಲಿಲ್ಲ. ಒಂದು ದಿನ ತಡೆಯಲಾರದೆ ಅಂದೇಬಿಟ್ಟೆ: “ಬೆಟ್ಟ ಅಗೆದು ಇಲಿ ಹಿಡಿಯೋದೂ ಒಂದೇ, ಇದೂ ಒಂದೇ. ಸಾಕು ಮಾಡಿ ಅತ್ತಿಗೆ.”

“ಇಲಿನಾದ್ರೂ ಸಿಗಲಿ ಬಿಡೇ” ಎಂದರು ಅವರು.

ಕೆಂಪು ರಟ್ಟು ಸವೆದು ಕಿತ್ತಳೆಯಾಗಿದ್ದ ಒಂದು ಪುಸ್ತಕ ಬಂದದ್ದು ಆ ಮೇಲೆ. ಮಾರುವವನೇ “ಸ್ಥಿತಿ ಚೆನ್ನಾಗಿಲ್ಲ” ಎಂದು ಮೊದಲೇ ಹೇಳಿದ್ದ. ಭಾನುವಾರ ಬೆಳಿಗ್ಗೆ, ಅಂಗಡಿಗೆ ರಜ. ಅತ್ತಿಗೆ ಕತ್ತರಿಸುವ ಮೇಜಿನ ಮೇಲೆ ಪುಸ್ತಕ ಇಟ್ಟು ಪುಟ ತಿರುವುತ್ತಾ ಹೋದರು. ಮೀನು, ಕಪ್ಪೆ, ಹೂವು, ಅಳಿಲು. ‘ಅದು’ ಇಲ್ಲ. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಎಂದುಕೊಂಡು ನಾನು ಎದ್ದೆ.

“ಲೇ, ಕೂತ್ಕೋ” ಎಂದರು ಅತ್ತಿಗೆ.

ಅಳಿಲಿನ ಪುಟದ ಸಂದಿಯಲ್ಲಿ ಏನೋ ಚಪ್ಪಟೆಯಾಗಿ ಅಂಟಿಕೊಂಡಿತ್ತು. ನೀಲಿ ಗೆರೆಯ ಕಾಗದ. ಅತ್ತಿಗೆ ಸೂಜಿಯ ಹಿಂತುದಿಯಿಂದ ಅದನ್ನು ಮೆಲ್ಲಗೆ ಬಿಡಿಸಿ ಮೇಜಿನ ಮೇಲೆ ನಿಲ್ಲಿಸಿದರು. ತಲೆಯ ಮೇಲೆ ಎರಡು ಚೂಪು. ಬೆನ್ನಿಗೆ ಗುಬುಟು. ಕಾಲು ಮೂರು. ಡ್ರಾಯರಿನಿಂದ ನಮ್ಮದನ್ನು ತಂದು ಪಕ್ಕದಲ್ಲಿಟ್ಟರೆ ಒಡಹುಟ್ಟಿದವರ ಹಾಗೆ ನಿಂತವು. ನಾವು ಕಾಣದ ಯಾವುದೋ ಊರಿನಲ್ಲಿ, ಯಾರದೋ ಕೈಯಲ್ಲಿ, ನಮ್ಮಣ್ಣನ ಪ್ರಾಣಿ ಹೇಗೆ ಹುಟ್ಟಿತು?

“ಈಗ ಬಿಚ್ಚಬಹುದಲ್ಲ, ಇದು ನಮ್ಮದಲ್ಲ” ಎಂದೆ.

“ನಮ್ಮದಲ್ಲ ಅಂತಾನೇ ಕೇಳ್ಬೇಕು” ಎಂದು ಅತ್ತಿಗೆ ಮಾರಿದವನಿಗೆ ಬರೆದರು. ಉತ್ತರ ಬರುವವರೆಗೆ ಅದನ್ನು ಬಿಚ್ಚಲು ಬಿಡಲಿಲ್ಲ, ನಾನು ಹಲ್ಲು ಕಚ್ಚಿಕೊಂಡು ಕಾದೆ. ಅವನು ಪಾಪ ಹೆದರಿಬಿಟ್ಟಿದ್ದ. ಖಾಲಿ ಮಾಡಿದ ಯಾವುದೋ ಮನೆಯಿಂದ ಬಂದ ಪುಸ್ತಕವಂತೆ, ಯಾರದೆಂದು ಗೊತ್ತಿಲ್ಲವಂತೆ. ಒಳಗಿನ ಕಸ ತೆಗೆಯದೆ ಕಳಿಸಿದ್ದಕ್ಕೆ ಕ್ಷಮೆ ಕೇಳಿ, ಬೇಕಾದರೆ ಪುಸ್ತಕ ವಾಪಸು ಕಳಿಸಿ ಎಂದಿದ್ದ. ಕಸವಂತೆ! ಅತ್ತಿಗೆ ಓದಿ ನಕ್ಕರು. “ನಾನೂ ಗುಡಿಸಿ ಹಾಕಿದ್ದೆನಲ್ಲ” ಎಂದರು.

ಆಮೇಲೆ ಬಿಚ್ಚಿದರು. ಪರದೆಯ ಹಳೇ ಹೊಲಿಗೆ ಬಿಚ್ಚುವಷ್ಟೇ ನಿಧಾನವಾಗಿ, ಒಂದೊಂದು ಮಡಿಕೆ ಬಿಚ್ಚಿದಂತೆ ಪುಸ್ತಕದ ಚಿತ್ರದ ಮೇಲೆ ಬೆರಳಿಡುತ್ತಾ. ಮಡಿಕೆಗಳೆಲ್ಲ ಅಳಿಲಿನವೇ. ಮೊದಲ ಅರ್ಧ ಒಂದಿಷ್ಟೂ ವ್ಯತ್ಯಾಸವಿಲ್ಲ. ನಡುವೆ ಒಂದು ಕಡೆ ಅವರ ಬೆರಳು ನಿಂತಿತು. ಎರಡು ಚಿತ್ರಗಳ ನಡುವೆ, ಮುದ್ರಣ ಮಸುಕಾಗಿ ಧೂಳಿನ ಕಲೆಯಂತೆ ಕಾಣುವ ಒಂದು ಪುಟ್ಟ ಸುರುಳಿ ಬಾಣ. ಅಷ್ಟೂ ಪುಸ್ತಕ ಮಡಚಿದ ಅತ್ತಿಗೆಗೆ ಅದರ ಅರ್ಥ ಗೊತ್ತಿತ್ತು. ಇಲ್ಲಿ ಕಾಗದವನ್ನು ಮಗುಚಿ ಹಾಕಿ, ಆಮೇಲೆ ಮುಂದುವರಿಯಿರಿ.

“ಮಗುಚಿಲ್ಲ ಕಣೇ” ಎಂದರು. “ನಿಮ್ಮಣ್ಣ ಮಗುಚಿಲ್ಲ. ಇವರೂ ಮಗುಚಿಲ್ಲ.”

ಹಿಂದಕ್ಕೆ ಏಳಬೇಕಿದ್ದ ಬಾಲ ಒಳಗೆ ಸಿಕ್ಕಿಕೊಂಡು ಬೆನ್ನಿನ ಗುಬುಟಾಗಿತ್ತು. ಮುಂಗಾಲುಗಳು ತಲೆಯ ಮೇಲೆ ಹೋಗಿ ಕಿವಿಯಾಗಿದ್ದವು, ಕಿವಿಯಾಗಬೇಕಿದ್ದ ತುದಿ ಕೆಳಗಿಳಿದು ಮೂರನೆಯ ಕಾಲಾಗಿತ್ತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡುವುದೆಂದರೆ ಇದೇ. ಅಷ್ಟು ವರ್ಷ ಜಂಬದಿಂದ ‘ಹೇಳು ನೋಡೋಣ’ ಎಂದು ಕೇಳುತ್ತಿದ್ದನಲ್ಲ, ಪುಣ್ಯಾತ್ಮನಿಗೇ ಗೊತ್ತಿರಲಿಲ್ಲವೋ, ಅಥವಾ ಅಳಿಲು ಎಂದರೆ ನಾವು ನಗುತ್ತೇವೆಂದು ಬಾಯಿ ಮುಚ್ಚಿಕೊಂಡಿದ್ದನೋ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುತ್ತಲೇ ಅಳು ಬಂತು. ಅತ್ತಿಗೆಗೂ ಅದೇ ಗತಿ. ಅವನನ್ನು ನೆನೆದು ನಾವಿಬ್ಬರೂ ಒಟ್ಟಿಗೆ ಅತ್ತದ್ದು ಅದೇ ಮೊದಲು.

ಅತ್ತಿಗೆ ಕಣ್ಣು ಒರೆಸಿಕೊಂಡು ಹೊಸ ಕಾಗದ ತೆಗೆದುಕೊಂಡರು. ಮೊದಲನೆಯದು ಅಂದವಾದ ಅಳಿಲಾಗಿ ಎದ್ದು ಕೂತಿತು. ಎರಡನೆಯದೂ ಅಳಿಲೇ. ಸುರುಳಿ ಬಾಣ ಬಂದೊಡನೆ ಅವರ ಕೈ ತಾನಾಗಿ ಕಾಗದವನ್ನು ಮಗುಚಿಬಿಡುತ್ತಿತ್ತು. ನೆಟ್ಟಗೆ ಮಾಡಿ ರೂಢಿಯಾದ ಕೈ ನೋಡಿ, ತಪ್ಪು ಮಾಡಲು ಒಪ್ಪುತ್ತಿರಲಿಲ್ಲ. ಕೊನೆಗೆ ನಾನೇ ಆ ಜಾಗ ಬಂದಾಗ ಅವರ ಮಣಿಕಟ್ಟು ಹಿಡಿದುಕೊಂಡೆ.

“ಅವಸರ ಮಾಡಿ ಅತ್ತಿಗೆ. ಅಣ್ಣನ ಥರ.”

ಅವರು ಮಗುಚದೆ ಮುಂದಕ್ಕೆ ಹೋದರು. ಕಿವಿ ಎದ್ದಿತು, ಗುಬುಟು ಎದ್ದಿತು, ‘ಅದು’ ಮೂರು ಕಾಲಿನ ಮೇಲೆ ನಿಂತಿತು. ಅತ್ತಿಗೆ ಅದನ್ನು ಅಣ್ಣನದರ ಪಕ್ಕ ಇಟ್ಟು ನೋಡಿದರು. ನಂತರ ನೀಲಿ ಗೆರೆಯದನ್ನು ಇದ್ದ ಹಾಗೆ ಮಡಚಿ ಅದರ ಪುಟದಲ್ಲೇ ಇಟ್ಟರು. ಅಣ್ಣನದು ಡ್ರಾಯರಿಗೆ ಹೋಯಿತು. ಅದನ್ನು ಈಗ ಬಿಚ್ಚೋಣವೇ ಎಂದು ನಾನು ಕೇಳಿದ್ದಕ್ಕೆ, “ಯಾಕೆ? ನನಗೆ ಬರತ್ತಲ್ಲ” ಎಂದರು.

ಪುಸ್ತಕ ತರಿಸುವುದು ಅಲ್ಲಿಗೆ ನಿಲ್ಲುತ್ತದೆ ಎಂದುಕೊಂಡಿದ್ದೆ. ನಿಲ್ಲಲಿಲ್ಲ. ಈಗ “ಸ್ಥಿತಿ ಚೆನ್ನಾಗಿಲ್ಲ” ಎಂದಿರುವ ಪುಸ್ತಕಗಳೇ ಬೇಕಂತೆ, ಒಳಗಿನ ಕಸ ತೆಗೆಯಬೇಡಿ ಎಂದು ಮಾರುವವರಿಗೆ ಬರೆಯುತ್ತಾರೆ. ಯಾರು ಯಾವ ಪುಟದಲ್ಲಿ ಏನನ್ನು ಕೆಡಿಸಿ ಇಟ್ಟಿದ್ದಾರೋ ನೋಡಬೇಕಂತೆ.

ಮೊನ್ನೆ ದೊಡ್ಡ ಹೋಟೆಲೊಂದರ ಪರದೆ ಹಾಕಲು ಹೋದವರು ಹೊತ್ತಿಗೆ ಬರಲಿಲ್ಲ, ಫೋನೂ ಇಲ್ಲ. ಅನ್ನ ತಣ್ಣಗಾಯಿತು, ನಾನು ಬಿಸಿಯಾದೆ. ಬಂದ ಕೂಡಲೇ ನಾಲ್ಕು ಮಾತು ಆಡಬೇಕೆಂದು ಬಾಗಿಲ ಕಡೆಗೇ ಮುಖ ಮಾಡಿ ಕೂತಿದ್ದೆ. ಅತ್ತಿಗೆ ಬಂದರು. ಕ್ಷಮೆ ಗಿಮೆ ಏನೂ ಇಲ್ಲ. ಚೀಲದಿಂದ ರಸೀದಿ ಕಾಗದದ ‘ಅದ’ನ್ನು ತೆಗೆದು ನನ್ನ ತಟ್ಟೆಯ ಪಕ್ಕ ಇಟ್ಟರು.

“ಹೇಳು ನೋಡೋಣ, ಏನಿದು?”

ಉತ್ತರ ನನಗೆ ಗೊತ್ತಿತ್ತು. ಅವರಿಗೂ ಗೊತ್ತಿತ್ತು.

“ಕತ್ತೆ” ಎಂದೆ.

“ಅಲ್ಲ, ಮೊಲ” ಎಂದು ಅತ್ತಿಗೆ ಕೈ ತೊಳೆಯಲು ಹೋದರು.