ಗುಂಡಿ ಹಾಕಿದ ಕಿಸೆ

ಸೋಲಾಪುರದ ನಮ್ಮ ಬ್ಯಾಂಕಿನ ಕ್ಯಾಶಿಯರ್ ಸಾಹೇಬರು ರವಿವಾರ ನಮಗೆ ಬಂಡೆ ಹತ್ತುವುದನ್ನು ಕಲಿಸುತ್ತಿದ್ದರು. ಬೋರಾಮಣಿ ಕಡೆಯ ಹಳೆಯ ಕಲ್ಲಿನ ಖಣಿಯೇ ನಮ್ಮ ಬೆಟ್ಟ. ಹತ್ತುವ ಮೊದಲು ಅವರು ಒಬ್ಬೊಬ್ಬರ ಬಟ್ಟೆಯನ್ನೂ ಹಿಡಿದು ಜಗ್ಗಿ ನೋಡುತ್ತಿದ್ದರು. ಊರಿಗೆ ಜೀನ್ಸ್ ಹೊಸದಾಗಿ ಬಂದಿದ್ದ ಕಾಲ. ಬಿಗಿ ಜೀನ್ಸ್ ಹಾಕಿದವನನ್ನು ಕುಕ್ಕರಗಾಲಲ್ಲಿ ಕೂರಿಸಿ, "ಏಳಪಾ ಈಗ" ಎಂದು ನಗುತ್ತಿದ್ದರು. ಒಮ್ಮೆ ನನ್ನ ಮಫ್ಲರ್ ಎಳೆದು, "ಲಗ್ನಕ್ಕ ಹೊಂಟೀಯೇನಪಾ? ಜೋತಾಡೂದು ಏನೂ ಇರಬಾರದು" ಎಂದರು. ಆ ಮಾತನ್ನು ವಾರವಾರವೂ ಹೇಳುತ್ತಿದ್ದರು.

ಒಂದು ರವಿವಾರ ಹಗ್ಗದ ಮೇಲೆ ಇಳಿಯುತ್ತಿದ್ದ ಅವರು ಅರ್ಧದಲ್ಲೇ ನಿಂತುಬಿಟ್ಟರು. ಕೊರಳಲ್ಲಿದ್ದ ಲಿಂಗದ ಶಿವದಾರ ಅಂಗಿಯಿಂದ ಹೊರಬಿದ್ದು, ಸೊಂಟಪಟ್ಟಿಯ ಮುಂದೆ ಹಗ್ಗ ಹಾಯುವ ಲೋಹದ ಬಳೆಯೊಳಗೆ ಸಿಕ್ಕಿತ್ತು. ದಾರ ಕುತ್ತಿಗೆಗೆ ಬಿಗಿದು ಮುಖ ಕಪ್ಪಾಗುತ್ತಿತ್ತು.

"ಕೊಯ್ರಿ ಸಾಹೇಬ್ರ, ಕೊಯ್ರಿ!" ಎಂದು ನಾನು ಕೆಳಗಿನಿಂದ ಕೂಗಿದೆ.

ಅವರ ಒಂದು ಕೈ ಹಗ್ಗ ಹಿಡಿದಿತ್ತು, ಇನ್ನೊಂದು ಆಗಲೇ ಸೊಂಟದ ಚಾಕು ತೆಗೆದಿತ್ತು. ಆದರೆ ಲಿಂಗ ಮೈಬಿಟ್ಟು ಬೀಳಬಾರದಲ್ಲ. ಅವರು ಲಿಂಗವಿದ್ದ ಬೆಳ್ಳಿ ಕರಡಿಗೆಯನ್ನು ಹಲ್ಲಿನಲ್ಲಿ ಗಟ್ಟಿಯಾಗಿ ಕಚ್ಚಿ ಹಿಡಿದರು. ದಾರ ಕೊಯ್ದದ್ದು ಆಮೇಲೆ.

ನೆಲ ಮುಟ್ಟಿದ ಮೇಲೆ ಕರಡಿಗೆಯನ್ನು ಅಂಗೈಗೆ ತೆಗೆದು ಕಣ್ಣಿಗೊತ್ತಿಕೊಂಡರು. ಕುತ್ತಿಗೆಯ ಮೇಲೆ ಕೆಂಪು ಗೆರೆ ಎದ್ದಿತ್ತು. ಹಗ್ಗದ ತುದಿಯನ್ನು ಇನ್ನೂ ಬಿಡದೆ ಹಿಡಿದಿದ್ದ ನನ್ನನ್ನು ನೋಡಿ, "ಯಾಕಪಾ, ಸಿಕ್ಕೊಂಡಾಂವ ನೀಯೇನು?" ಎಂದರು. ಆ ದನಿ ಕೇಳಿದ ಮೇಲೇ ನಾನು ಹಗ್ಗ ಬಿಟ್ಟೆ.

ಮುಂದಿನ ರವಿವಾರ ಅವರ ಅಂಗಿಯ ಒಳಗೆ, ಎದೆಯ ಮೇಲೆ, ಗುಂಡಿ ಹಾಕಿದ ಹೊಸ ಕಿಸೆಯೊಂದಿತ್ತು. ಬಟ್ಟೆ ತೋರಿಸುವ ಸಾಲಿನಲ್ಲಿ ಅವರೇ ಮೊದಲು ನಿಂತು, "ಜಗ್ಗಪಾ" ಎಂದರು.

ನಾನು ಜಗ್ಗಿದೆ. ಏನೂ ಹೊರಬರಲಿಲ್ಲ.