ನದಿಗಳನ್ನು ಕೂಡಿಸುತ್ತಿದ್ದವಳು

ಆ ಕಾರ್ಖಾನೆ ಈಗಿಲ್ಲ. ಇದ್ದ ಕಾಲದಲ್ಲಿ ಅಲ್ಲಿ ಎಲ್ಲರಿಗೂ ಅವಳು ನದಿಯಕ್ಕ.

ಶಾಲೆಗಳಲ್ಲಿ ತಿರುಗುವ ಭೂಗೋಳಗಳನ್ನು ಅಲ್ಲಿ ಕೈಯಿಂದಲೇ ಮಾಡುತ್ತಿದ್ದರು. ನಡುವೆ ಅಗಲ, ತುದಿಗಳಲ್ಲಿ ಚೂಪು ಇರುವ ಕಾಗದದ ಪಟ್ಟಿಗಳನ್ನು, ಬಿಡಿಸಿದ ಕಿತ್ತಳೆಯ ತೊಳೆಗಳನ್ನು ಮತ್ತೆ ಜೋಡಿಸುವ ಹಾಗೆ, ಗುಂಡನೆಯ ಚೆಂಡಿನ ಮೇಲೆ ಅಂಟಿಸುವುದು ಅವಳ ಗಂಡನ ಕೆಲಸ. ಪಟ್ಟಿಗೆ ಪಟ್ಟಿ ಸೇರುವಲ್ಲಿ ತುಂಡಾದ ನದಿಗಳನ್ನು ಸಣ್ಣ ಕುಂಚದಿಂದ ಕೂಡಿಸುವುದು ಅವಳ ಕೆಲಸ. ನೈಲ್ ಸಾಧು, ಉದ್ದಕ್ಕೆ ಹರಿಯುವುದರಿಂದ ಹೆಚ್ಚುಕಮ್ಮಿ ಒಂದೇ ಪಟ್ಟಿಯಲ್ಲಿ ತೆಪ್ಪಗಿರುತ್ತಿತ್ತು. ಅಡ್ಡಕ್ಕೆ ಹರಿಯುವ ಅಮೆಜಾನ್, ಯಾಂಗ್‌ಟ್ಸೆಗಳದ್ದೇ ತಂಟೆ.

ಮದುವೆಗೆ ಮುಂಚೆ ಅವನು ಬೇಕೆಂದೇ ಪಟ್ಟಿಯನ್ನು ಕೂದಲೆಳೆಯಷ್ಟು ಜಾರಿಸಿ ಅಂಟಿಸುತ್ತಿದ್ದ. ನದಿ ಮುರಿದರೆ ತಾನೇ ಗೋಳ ಹೊತ್ತು ಅವಳ ಮೇಜಿಗೆ ಬರಲು ನೆಪ!

"ಅಮೆಜಾನ್ ಮತ್ತೆ ಮುರೀತು."

"ಮುರೀತೋ, ಮುರಿದ್ರೋ?"

"ನೀರಿನ ಬುದ್ಧಿ ಯಾರಿಗೆ ಗೊತ್ತು ಹೇಳಿ."

ಪಕ್ಕದ ಮೇಜಿನವರು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು. ಕಿಟಕಿಯ ಬಿಸಿಲು, ಅಂಟಿನ ಹುಳಿವಾಸನೆ, ತಂತಿಗೆ ತೂಗುಬಿಟ್ಟ ಒದ್ದೆ ಭೂಮಿಗಳು. ಒಂದು ಗೋಳದ ಕಡಲಿಗೆ ಡಬ್ಬಿ ತುಂಬ ನೀಲಿ ಬೇಕಿತ್ತು; ಎಲ್ಲ ನದಿಗಳಿಗೂ ಸೇರಿ ಬಾಟಲಿಯ ಮುಚ್ಚಳದಷ್ಟು ಸಾಕು. ಧ್ರುವಗಳ ಹಿಮಕ್ಕೆ ಬಣ್ಣವೇ ಬೇಡ, ಕಾಗದದ ಬಿಳುಪೇ ಆಯಿತು. ನೆಲದೊಳಗಿನ ನೀರಂತೂ ಲೆಕ್ಕಕ್ಕೇ ಇಲ್ಲ. "ಇಷ್ಟು ದೊಡ್ಡ ಭೂಮಿ, ಕಣ್ಣಿಗೆ ಕಾಣೋ ಸಿಹಿನೀರು ಈ ಮುಚ್ಚಳದಷ್ಟು!" ಎಂದು ಅವಳು ಬೆರಗಾಗುತ್ತಿದ್ದಳು.

ವರ್ಷಗಳು ಉರುಳಿದವು. ಮಕ್ಕಳು ದೊಡ್ಡವರಾದರು. ಪಟ್ಟಿಗಳು ಮತ್ತೆ ಜಾರತೊಡಗಿದವು, ಈ ಸಲ ಕೂದಲೆಳೆಯಷ್ಟಲ್ಲ. ಕಾರಣ ಅವಳಿಗೆ ಗೊತ್ತಿತ್ತು: ಅವನ ಕಣ್ಣು. ಮನೆಯಲ್ಲಿ ಸೂಜಿಗೆ ದಾರ ಪೋಣಿಸಲಾರದೆ ಸೂಜಿಯನ್ನೇ ಬೈಯುತ್ತಿದ್ದ. ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ. ತಪ್ಪಿದ ನದಿಗಳಿಗೆ ಸಣ್ಣ ತಿರುವು ಕೊಟ್ಟು ಮುಚ್ಚಿಹಾಕುತ್ತಿದ್ದಳು.

ಆದರೂ ಕೆಲವು ಕಣ್ಣಿಗೆ ಬಿದ್ದು, ಕಾರ್ಖಾನೆಯ ಯಜಮಾನರು ಒಂದು ಮಧ್ಯಾಹ್ನ ಅವಳನ್ನು ಕರೆದರು. "ಅಕ್ಕಾ, ಇನ್ನೊಂದು ಗೋಳ ಸೊಟ್ಟಗಾದ್ರೆ ನಿಮ್ಮವರನ್ನ ಮನೇಲಿ ಕೂರಿಸಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ."

ಮನೆಯಲ್ಲಿ ಕೂತರೆ ಅವನು ಮನುಷ್ಯನಾಗಿ ಉಳಿಯುವುದಿಲ್ಲ ಎಂಬುದು ಅವಳ ಭಯ.

ಮರುದಿನ ಬಂದ ಗೋಳದಲ್ಲಿ ಅಮೆಜಾನ್ ಬೆರಳಿನಗಲ ಕುಸಿದಿತ್ತು. ಕೂಡಿಸಬೇಕಾದರೆ ನದಿಯನ್ನು ಎಲ್ಲೂ ಇಲ್ಲದ ದಾರಿಯಲ್ಲಿ ಬಳಸಿ ತರಬೇಕು. ಕುಂಚ ಅದ್ದಿದಳು. ಯಾವುದೋ ಶಾಲೆಯಲ್ಲಿ ಯಾವುದೋ ಮಗು ಆ ಸುಳ್ಳು ತಿರುವಿನ ಮೇಲೆ ಬೆರಳಾಡಿಸುತ್ತದೆ ಅನ್ನಿಸಿ ಕೈ ಮುಂದಕ್ಕೆ ಹೋಗಲಿಲ್ಲ. ಗೋಳವನ್ನು ಎತ್ತಿಕೊಂಡು ಗಂಡನ ಮೇಜಿಗೆ ನಡೆದಳು. ಅಷ್ಟು ವರ್ಷಗಳಲ್ಲಿ ಅವಳೇ ಅವನತ್ತ ಹೋದದ್ದು ಅದೇ ಮೊದಲು.

"ರೀ, ಇದು ನನ್ನ ಕೈಲಿ ಆಗಲ್ಲ."

ಅವನು ಬೆರಳಿಂದ ಕಾಗದದ ಅಂಚನ್ನು ತಡವಿದ.

"ಇಷ್ಟು ದಿನ ನೀನೇ ಸರಿಮಾಡ್ತಿದ್ದೆ ಅಲ್ವಾ?"

"ಹೂಂ."

"ನನ್ನ ಕೈಯೇ ಇನ್ನೂ ನೆಟ್ಟಗಿದೆ ಅಂದ್ಕೊಂಡಿದ್ದೆ ಕಣೇ. ಮೊದಲೇ ಬೈಬಾರದಿತ್ತಾ?"

"ಬೈದ್ರೆ ನೀವು ಮೂರು ದಿನ ಊಟ ಬಿಡ್ತಿದ್ರಿ."

ಅವನು ನಕ್ಕ, ಕಣ್ಣೊರೆಸಿಕೊಂಡ. ತಾನೇ ಯಜಮಾನರ ಬಳಿ ಹೋಗಿ ಕಡಲಿಗೆ ಬಣ್ಣ ಬಳಿಯುವ ಕೆಲಸ ಕೇಳಿದ. ಹೊಸಬರಿಗೆ ಕೊಡುವ ಕೆಲಸ ಅದು. ಅಗಲ ಕುಂಚ, ಮಂಜುಗಣ್ಣಿಗೂ ಸಾಗುತ್ತದೆ. "ನಿಮ್ಮಂಥವರಿಗೆ ಕಡಲೇ?" ಎಂದು ಯಜಮಾನರು ಮುಜುಗರಪಟ್ಟರೆ, "ಭೂಮಿಯ ಮುಕ್ಕಾಲು ಪಾಲು ಸ್ವಾಮಿ, ಬಡ್ತಿ ಅನ್ನಿ" ಎಂದ.

ದಡದ ಅಂಚನ್ನು ಅವಳು ಮೊದಲೇ ತಿದ್ದಿಕೊಡಬೇಕಿದ್ದರಿಂದ ಇಬ್ಬರಿಗೂ ಒಂದೇ ಮೇಜಾಯಿತು. ಒಂದು ಬದಿಯಿಂದ ಅವಳ ನದಿ ಇಳಿದು ಬರುತ್ತಿತ್ತು, ಇನ್ನೊಂದು ಬದಿಯಿಂದ ಅವನ ಕಡಲು.

"ರೀ, ಹಿಂದೆ ಸರೀರಿ! ನಿಮ್ಮ ಉಪ್ಪುನೀರು ನನ್ನ ನದಿಯೊಳಗೆ ನುಗ್ತಿದೆ."

"ಉಬ್ಬರ ಕಣೇ, ನಾನೇನು ಮಾಡ್ಲಿ?"

ಅವಳು ಬಟ್ಟೆ ತೆಗೆದು, ನದಿಯ ಬಾಯಲ್ಲಿ ಚೆಲ್ಲಿದ ಕಡಲನ್ನು ಒರೆಸಿದಳು.