ಸಂಜೆಯ ಟೀ ಮತ್ತು ನನ್ನ ಬಲಗಣ್ಣು

ಈ ಮೂಲಕ ಬಂಧುಬಳಗದವರಿಗೆಲ್ಲ ತಿಳಿಯಪಡಿಸುವುದೇನೆಂದರೆ, ಹೊತ್ತು ಇಳಿದ ಮೇಲೆ ನನಗೆ ಟೀ ಕೊಡುವವರನ್ನು ನಾನು ಹಿತೈಷಿಗಳೆಂದು ಭಾವಿಸುವುದಿಲ್ಲ. ತಾಲ್ಲೂಕು ಕಚೇರಿಗೆ ಗುಮಾಸ್ತನಾಗಿ ಸೇರಿ ಶಿರಸ್ತೇದಾರನಾಗಿ ಹೊರಬಿದ್ದವನಿಗೆ ಇಂಥ ಒಕ್ಕಣೆ ಸುಲಭ. ಬಾಯಲ್ಲಿ ಹೇಳಿ ಸಾಕಾಗಿದೆ. ಬರೆದಾದರೂ ನೋಡೋಣ ಎಂದು ಕೂತಿದ್ದೇನೆ.

ನಾನು ಟೀಯ ವಿರೋಧಿಯಲ್ಲ. ಬೆಳಿಗ್ಗೆ ಎದ್ದೊಡನೆ ಒಂದು, ತಿಂಡಿಯ ಮೇಲೆ ಒಂದು, ಮಧ್ಯಾಹ್ನ ಮಲಗಿ ಎದ್ದು ಒಂದು, ಇಷ್ಟನ್ನು ಭಕ್ತಿಯಿಂದಲೇ ಕುಡಿಯುತ್ತೇನೆ. ಆದರೆ ದೀಪ ಹಚ್ಚುವ ಹೊತ್ತಿಗೆ ಒಂದು ಲೋಟ ಒಳಗೆ ಹೋಯಿತೋ, ಅವತ್ತಿನ ನಿದ್ದೆ ನಮ್ಮ ನಂಜನಗೂಡಿನ ಗಡಿ ದಾಟಿತೆಂದೇ ಲೆಕ್ಕ. ಕಣ್ಣು ಮುಚ್ಚಿದರೆ ಎದೆ ಢವಢವ. ಎಂದೋ ಮುಗಿದುಹೋದ ಕಡತಗಳು ತಲೆಯೊಳಗೆ ತಾವಾಗಿ ಬಿಚ್ಚಿಕೊಳ್ಳುತ್ತವೆ. ಇದನ್ನು ಹೇಳಿದರೆ ನಮ್ಮ ಜನ ನಗುತ್ತಾರೆ. ಷುಗರ್ ಎಂದರೆ ನಂಬುತ್ತಾರೆ, ಗ್ಯಾಸ್ ಎಂದರೆ ತಮಗೂ ಇದೆ ಎನ್ನುತ್ತಾರೆ, ಟೀ ಕುಡಿದರೆ ನಿದ್ದೆ ಬರುವುದಿಲ್ಲ ಎಂದರೆ ಮಾತ್ರ ನನ್ನ ನಡತೆಯ ಮೇಲೆಯೇ ಅನುಮಾನ. "ಒಂದ್ ಲೋಟಕ್ಕೆ ಏನಾಯ್ತದೆ ಸಾ, ನಂಗೆ ಟೀ ಕುಡುದ್ರೇನೇ ನಿದ್ದೆ ಬರೋದು" ಎನ್ನುವವನು ಪ್ರತಿ ಮನೆಯಲ್ಲೂ ಒಬ್ಬನಿರುತ್ತಾನೆ. ಅವನ ನಿದ್ದೆಯ ಬಗ್ಗೆ ನಾನು ವಿಚಾರಿಸಿರುವುದೇ ಇಲ್ಲ.

ಇಷ್ಟು ಕಾಲ ಹೇಗೋ ಸಹಿಸಿಕೊಂಡಿದ್ದೆ. ಸಹನೆ ಮುಗಿದದ್ದು ಕಣ್ಣಿಗೆ ಪೊರೆ ಬಂದಾಗ.

ಎರಡು ಕಣ್ಣಿಗೂ ಬಂದಿತ್ತು, ಬಲಗಣ್ಣಿಗೆ ಹೆಚ್ಚು. ಬಿಳಿ ಎಂಬ ಬಣ್ಣ ನನ್ನ ಪಾಲಿಗೆ ರದ್ದಾಯಿತು. ಗೋಡೆ ಕಂದು ಹಳದಿ, ಪಂಚೆ ಕಂದು ಹಳದಿ, ಅನ್ನಕ್ಕೆ ಸಾರು ಹಾಕುವ ಮೊದಲೇ ಸಾರು ಹಾಕಿದಂತೆ. ಪತ್ರಿಕೆಯ ಅಕ್ಷರಗಳ ಮೇಲೆ ಯಾರೋ ಎಣ್ಣೆ ಕೈ ಒರೆಸಿದ ಹಾಗೆ. ಕೊನೆಗೆ ಪತ್ರಿಕೆ ಓದುವ ಅಧಿಕಾರ ಹೆಂಡತಿಗೆ ವರ್ಗಾವಣೆಯಾಯಿತು. ಆಕೆ ನಿಧನವಾರ್ತೆಗಳನ್ನು ಅಕ್ಷರ ಬಿಡದೆ ಓದುತ್ತಿದ್ದಳು.

"ಸಂಪಾದಕೀಯ ಏನಿದೆ ಇವತ್ತು?"

"ಸರ್ಕಾರಕ್ಕೆ ಬುದ್ಧಿ ಹೇಳವ್ರೆ."

"ಯಾವುದರ ಬಗ್ಗೆ?"

"ಎಲ್ಲಾದ್ರ ಬಗ್ಗೆನೂವೆ. ಸುಮ್ನಿರಿ ಒಂದ್ ಗಳಿಗೆ, ಕಳಲೆ ಊರಿನವರೊಬ್ರು ತೀರ್ಕೊಂಡವ್ರೆ, ಎಲ್ಲೋ ನೋಡಿರೋ ಮುಖದಂಗದೆ."

ಸತ್ತವರ ಸಮಾಚಾರವನ್ನಷ್ಟೇ ಕೇಳಿಕೊಂಡು ಉಳಿದ ಆಯುಸ್ಸು ಕಳೆಯುವುದು ನನ್ನಿಂದಾಗದು ಎನಿಸಿತು. ಆ ಬಲಗಣ್ಣು ನನಗೆ ಬೇಕೇ ಬೇಕಿತ್ತು.

ಆಪರೇಷನ್ ತಿರುಮಕೂಡಲು ನರಸೀಪುರದಲ್ಲಿ ಎಂದು ತೀರ್ಮಾನವಾಯಿತು. ತೀರ್ಮಾನಿಸಿದ ಸಭೆಗೆ ನನ್ನನ್ನು ಕರೆದಿರಲಿಲ್ಲ. ಅದು ಹೆಂಡತಿಯ ತವರು. ಭಾವಮೈದನ ಮನೆಯ ಮುಂದಿನ ಬೀದಿಯಲ್ಲೇ ಕಣ್ಣಿನ ಆಸ್ಪತ್ರೆ. ಹಿಂದಿನ ದಿನ ನಂಜನಗೂಡಿನಿಂದ ಬಸ್ಸಿನಲ್ಲಿ ಹೋಗಿ ಅವನ ಮನೆಯಲ್ಲಿ ಮಲಗುವುದು, ಬೆಳಿಗ್ಗೆ ನಡೆದುಕೊಂಡೇ ಆಸ್ಪತ್ರೆಗೆ ಹೋಗುವುದು. ಮಲಗುವುದು ಎಂಬ ಪದವನ್ನು ಎಲ್ಲರೂ ಎಷ್ಟು ಹಗುರವಾಗಿ ಬಳಸಿದರು ಎಂದು ನೆನೆದರೆ ಈಗಲೂ ಮೈ ಉರಿಯುತ್ತದೆ.

ನಮ್ಮ ಕಡೆ ಆಪರೇಷನ್ ಎಂದರೆ ಹಿಂದಿನ ಸಂಜೆ ಬಂದು ನೋಡಿಕೊಂಡು ಹೋಗಬೇಕು. ಮುಗಿದ ಮೇಲೆ ಬಂದರೆ ಆಗದೇ ಎಂದು ಕೇಳಿದರೆ ಯಾರೂ ಉತ್ತರ ಕೊಡುವುದಿಲ್ಲ. ಮುಗಿದ ಮೇಲೆ ಸಿಕ್ಕದಿದ್ದರೆ ಎಂಬುದು ಅವರ ಮನಸ್ಸಿನಲ್ಲಿರುವುದು. ಬಂದವರಿಗೆ ಟೀ ಕೊಡಬೇಕು. ಬಂದಿರುವುದು ನನ್ನನ್ನು ನೋಡಲು, ಆದ್ದರಿಂದ ನಾನೂ ಜೊತೆಗೆ ಕುಡಿಯಬೇಕು. ನಾನು ಲೋಟ ಮುಟ್ಟದಿದ್ದರೆ ಅವರೂ ಮುಟ್ಟರು. ಅವರ ಮುಂದೆ ಟೀ ಕೆನೆ ಕಟ್ಟುತ್ತದೆ, ಒಳಗಿನಿಂದ ಹೆಂಡತಿ ನನ್ನನ್ನು ದುರುಗುಟ್ಟಿಕೊಂಡು ನೋಡುತ್ತಾಳೆ. ಒಬ್ಬರು ಏಳುವಷ್ಟರಲ್ಲಿ ಇನ್ನೊಬ್ಬರು. ಕಣ್ಣಿನ ಒಂದು ಪೊರೆಗೆ ಆ ಸಂಜೆ ಇಡೀ ಬೀದಿ ನನಗೆ ಬೀಳ್ಕೊಡುಗೆ ಕೊಟ್ಟಿತು.

ಬೆಳಿಗ್ಗೆ ಆಸ್ಪತ್ರೆಯಲ್ಲಿ ಬಿಪಿ ನೋಡಿದರು. ಮತ್ತೊಮ್ಮೆ ನೋಡಿದರು. ಡಾಕ್ಟರು ನನ್ನ ಮಗಳ ವಯಸ್ಸಿನ ಹೆಣ್ಣುಮಗಳು.

"ರಾತ್ರಿ ನಿದ್ದೆ ಮಾಡಿದ್ರಾ?"

"ಇಲ್ಲ. ಟೀ ಕುಡಿಸಿದ್ದಾರೆ."

"ಇಷ್ಟು ಬಿಪಿ ಇಟ್ಕೊಂಡು ಮಾಡಕ್ಕಾಗಲ್ಲ. ಇನ್ನೊಂದು ದಿನ ಕೊಡ್ತೀನಿ. ಮಧ್ಯಾಹ್ನದ ಮೇಲೆ ಟೀ ಮುಟ್ಟಬೇಡಿ" ಎಂದು ಭಾವಮೈದನ ಕಡೆ ತಿರುಗಿದರು. ಅವನು ಪ್ರಮಾಣವಚನ ಸ್ವೀಕರಿಸುವವನಂತೆ ತಲೆಯಾಡಿಸಿದ.

ಎರಡನೆಯ ಸಲ ಅವನು ಹಾಲಿನ ಡೇರಿಯ ಮುಂದೆ ನಿಂತು, ನಮ್ಮ ಬಾವನಿಗೆ ಯಾರೂ ಟೀ ಕೊಡಕೂಡದು ಎಂದು ಸಾರಿದ. ಪರಿಣಾಮವಾಗಿ, ಟೀ ಕುಡಿಯಬಾರದ ಮನುಷ್ಯ ಹೇಗಿರುತ್ತಾನೆಂದು ನೋಡಲು ಮೊದಲ ಸಲ ಬರದಿದ್ದವರೂ ಬಂದರು. ಡೇರಿ ಸೆಕ್ರೆಟರಿ ಕುರ್ಚಿ ಎಳೆದುಕೊಂಡು ಸಮಾಧಾನ ಹೇಳಿದ.

"ಪುಡಿ ಕಮ್ಮಿ ಆಕಿ ಆಲು ಜಾಸ್ತಿ ಆಕುದ್ರೆ ಏನೂ ಮಾಡಕಿಲ್ಲ ಬುಡಿ ಸಾ. ನಮ್ ಎಮ್ಮೆ ಆಲೊಳಗೆ ಟೀ ಎಲ್ಲೈತೆ ಅಂತ ಉಡುಕ್ಬೇಕು."

"ನೀವು ಹುಡುಕಿ. ನಾನು ಕುಡಿಯುವುದಿಲ್ಲ."

"ಕ್ವಾಪ ಮಾಡ್ಕೊಂಡ್ರೂ ಬಿಪಿ ಏರ್ತದಂತೆ ಸಾ."

ಆಗ ನನ್ನ ಕೈಹಿಡಿದವರು ಅತ್ತೆ, ಹೆಂಡತಿಯ ತಾಯಿ. ಬೆನ್ನು ಬಾಗಿದರೂ ಒಲೆಯ ಮುಂದಿನ ಜಾಗವನ್ನು ಸೊಸೆಗೆ ಬಿಟ್ಟುಕೊಡದ ಮುದುಕಿ. ಸ್ಟೀಲ್ ಲೋಟ ತಂದು ಕೈಗಿಟ್ಟರು. "ಅವ್ರು ಟೀ ಕುಡ್ಕಳ್ಲಿ. ನೀವು ಆಲು ಕುಡೀರಿ ಅಳಿಯಂದ್ರೆ, ಸುಂಟಿ ಏಲಕ್ಕಿ ಜಜ್ಜಾಕಿವ್ನಿ." ಶುಂಠಿಯ ಘಾಟು ಮೂಗಿಗೆ ಹತ್ತುವಂತಿತ್ತು. ಹಾಲಿನ ಬಣ್ಣ ಎಂದಿನಂತೆ ಕಂದು ಹಳದಿ. ಈ ಮನೆಯಲ್ಲಿ ಬುದ್ಧಿ ಇರುವ ಜೀವ ಇದೊಂದೇ ಎಂದುಕೊಂಡು, ಬಂದವರೊಬ್ಬೊಬ್ಬರ ಜೊತೆಗೂ ಒಂದೊಂದು ಲೋಟ ಹಾಲು ಕುಡಿದೆ. ಮರ್ಯಾದೆಯೂ ಉಳಿಯಿತು, ವ್ರತವೂ ಉಳಿಯಿತು.

ನಿದ್ದೆ ಮಾತ್ರ ಹತ್ತಿರ ಸುಳಿಯಲಿಲ್ಲ.

"ಟೀ ಕುಡಿದಿದ್ದೀರ" ಎಂದರು ಡಾಕ್ಟರು, ಬಿಪಿ ಪಟ್ಟಿ ಬಿಚ್ಚುತ್ತ.

"ಇಲ್ಲ. ಹಾಲು."

ಆಕೆ ನಕ್ಕ ನಗೆ ನನಗೆ ಗೊತ್ತು. ಹೆಂಡದ ವಾಸನೆ ಹೊಡೆಯುತ್ತ ಹಾಜರಿ ಹಾಕಲು ಬಂದ ಜವಾನನಿಗೆ ನಾನು ಅದೇ ನಗೆ ನಕ್ಕಿದ್ದೇನೆ. ನನ್ನ ಪರವಾಗಿ ಭಾವಮೈದ, "ಆಲೇ ಕುಡುದ್ರು ಮೇಡಂ, ನಮ್ಮವ್ವನೇ ಕಾಯ್ಸಿದ್ದು" ಎಂದ. ಅಷ್ಟಕ್ಕೆ ಬಿಡಬಹುದಿತ್ತು. ಹೆಂಡತಿ ಬಾಯಿ ಹಾಕಿದಳು. "ಮೊಬ್ಬಾದ್ಮೇಲೆ ಒಂದ್ ಗಳಿಗೆ ಬೀದಿ ಕಡೆ ಓಗಿದ್ರು. ಮೂಲೆ ಹೋಟ್ಲಲ್ಲಿ ಕುಡುದವ್ರೋ ಏನೋ, ನಾ ಕಾಣೆ."

ಬೀದಿ ಕಡೆ ಹೋದದ್ದು ಬಂದವರಿಂದ ತಪ್ಪಿಸಿಕೊಳ್ಳಲು. ಇಡೀ ಸರ್ವೀಸಿನಲ್ಲಿ ಒಂದು ಮೆಮೊ ಕೂಡ ತೆಗೆದುಕೊಳ್ಳದವನು, ಪರ ಊರಿನ ಆಸ್ಪತ್ರೆಯಲ್ಲಿ, ಕೈಹಿಡಿದವಳ ಸಾಕ್ಷ್ಯದ ಮೇಲೆ, ಟೀ ಕಳ್ಳನಾದೆ.

"ಪೊರೆ ಗಟ್ಟಿಯಾಗ್ತಾ ಇದೆ" ಎಂದರು ಡಾಕ್ಟರು. ಈಗ ನಗು ಇರಲಿಲ್ಲ. "ಇನ್ನೊಂದು ಸಲ ಹೀಗಾದ್ರೆ ನಾನು ಮುಟ್ಟಲ್ಲ. ಮೈಸೂರಿಗೆ ಬರೆದುಕೊಡ್ತೀನಿ, ದೊಡ್ಡ ಆಪರೇಷನ್ನೇ ಆಗಬಹುದು."

ವಾಪಸು ಬರುವ ಬಸ್ಸಿನಲ್ಲಿ ನಾನು ಹೆಂಡತಿಯ ಜೊತೆ ಮಾತಾಡಲಿಲ್ಲ. ಆಕೆಗೆ ಅದು ಗೊತ್ತಾದದ್ದು ನಂಜನಗೂಡು ಬಂದ ಮೇಲೆ.

ಮೂರನೆಯ ಸಲ ಯಾರ ಮಾತನ್ನೂ ಕೇಳಲಿಲ್ಲ. ನರಸೀಪುರದಲ್ಲಿ ಮಲಗುವುದಿಲ್ಲ, ಬೆಳಿಗ್ಗೆ ಮೊದಲ ಬಸ್ಸಿಗೆ ಬರುತ್ತೇನೆ ಎಂದೆ. ನಂಜನಗೂಡಿನ ನಮ್ಮ ಬೀದಿಯವರೇನೂ ಕಡಿಮೆ ಹಿತೈಷಿಗಳಲ್ಲವಾದ್ದರಿಂದ, ಸಂಜೆಗೆ ಮೊದಲೇ ಹೆಂಡತಿಯ ಕೈಯಲ್ಲಿ ಮುಂಬಾಗಿಲಿಗೆ ಹೊರಗಿನಿಂದ ಬೀಗ ಹಾಕಿಸಿ, ಹಿತ್ತಲ ಬಾಗಿಲಿನಿಂದ ಒಳಗೆ ಕರೆದುಕೊಂಡೆ. ದೀಪ ಹಾಕಲಿಲ್ಲ. ಸ್ವಂತ ಮನೆಯಲ್ಲಿ ಇಬ್ಬರೂ ಕಳ್ಳರ ಹಾಗೆ ಮೊಸರನ್ನ ತಿಂದೆವು. ಹೊರಗೆ ಯಾರೋ, "ಆಗ್ಲೇ ಓಗ್ಬುಟ್ಟವ್ರೆ ಕಣ್ಲಾ, ಒಂದ್ ಮಾತೂ ಏಳ್ದೇನೇ ಓದ್ರು" ಎಂದು ನೊಂದುಕೊಂಡದ್ದು ಕೇಳಿಸಿತು. ಆ ಮಾತೇ ನನಗೆ ಜೋಗುಳವಾಯಿತು.

ಬಿಪಿ ಸರಿಯಾಗಿತ್ತು. ಆಪರೇಷನ್ ಆಯಿತು. ಮಾರನೆಯ ದಿನ ಪಟ್ಟಿ ಬಿಚ್ಚಿದಾಗ ಮೊದಲು ಕಂಡದ್ದು ಡಾಕ್ಟರ ಕೋಟಿನ ಬಿಳುಪು. ಬಿಳಿ ಇಷ್ಟು ಬಿಳಿಯಾಗಿರುತ್ತದೆ ಎಂಬುದು ಮರೆತೇಹೋಗಿತ್ತು. ಭಾವಮೈದನ ಮನೆಗೆ ಬಂದು ಗೋಡೆಯ ಕ್ಯಾಲೆಂಡರನ್ನು ಮೂಲೆಯಲ್ಲಿ ಕೂತೇ ಓದಿದೆ, ಅಮಾವಾಸ್ಯೆ ಹುಣ್ಣಿಮೆ ಸಮೇತ.

ಸಂಜೆ ಮತ್ತೆ ಜನ, ಈಗ ಕಣ್ಣು ಬಂತೇ ಎಂದು ನೋಡಲು. ಅತ್ತೆ ಅದೇ ಸ್ಟೀಲ್ ಲೋಟ ತಂದರು. "ಆಲು ಕುಡೀರಿ ಅಳಿಯಂದ್ರೆ."

ಲೋಟದೊಳಗೆ ನೋಡಿದೆ. ಬಲಗಣ್ಣು ಮುಚ್ಚಿ ಎಡಗಣ್ಣಿನಲ್ಲಿ ನೋಡಿದೆ, ಎಂದಿನ ಹಾಲು. ಎಡಗಣ್ಣು ಮುಚ್ಚಿ ಬಲಗಣ್ಣಿನಲ್ಲಿ ನೋಡಿದೆ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕೊಡುವಂಥ ಕಡಕ್ ಟೀ.

"ಅತ್ತೆ, ಇದು ಟೀ."

"ಆಲೇ ಕಣಪ್ಪ. ಬಣ್ಣಕ್ಕೆ ಒಂಚೂರು ಟೀ ಸೊಪ್ಪು ಆಕಿವ್ನಿ."

"ಹೋದ ಸಲವೂ ಹಾಕಿದ್ರಾ?"

"ಆಕ್ದೆ ಇನ್ನೇನ್ ಮಾಡ್ಲಿ? ಆಪರೇಸನ್ಗೆ ಓಗೋ ಗಂಡಸ್ಗೆ ಬರೀ ಬಿಳೀ ಆಲು ಕೊಟ್ಟಾರಾ? ಆಲುತುಪ್ಪ ಬುಟ್ಟಂಗಾಗಕಿಲ್ವಾ?"

ಕೂತಿದ್ದವರೆಲ್ಲ ಹೌದೆನ್ನುವಂತೆ ತಲೆಯಾಡಿಸಿದರು. ಸತ್ತವರನ್ನು ಹೂತ ಗುಡ್ಡೆಗೆ ಮೂರನೆಯ ದಿನವೋ ಐದನೆಯ ದಿನವೋ ಹಾಲು ತುಪ್ಪ ಬಿಡುವುದು ನಮ್ಮಲ್ಲಿ ಉಂಟು. ಅದರ ನೆರಳು ಬದುಕಿರುವವನ ಲೋಟದ ಮೇಲೂ ಬೀಳುತ್ತದೆ ಎಂಬ ಶಾಸ್ತ್ರವನ್ನು ನಾನು ಕೇಳಿದ್ದು ಅವತ್ತೇ ಮೊದಲು. ನಾನು ಸಾಯಬಾರದೆಂದು ಈ ಮುದುಕಿ ಸೊಪ್ಪು ಕುದಿಸಿದ್ದಾರೆ. ಆ ಸೊಪ್ಪಿನಿಂದ ನನ್ನ ಕಣ್ಣು ಹೋಗುವುದರಲ್ಲಿತ್ತು. ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಡೆ ನೋಡಿದೆ. ಟೀ ಕಳ್ಳ ಎಂದವಳು ಈಗ ಸೆರಗಿನ ಅಂಚನ್ನು ಬಹಳ ಆಸ್ಥೆಯಿಂದ ಪರೀಕ್ಷಿಸುತ್ತಿದ್ದಳು. ಒಂದೊಂದು ನೂಲೂ ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು.

ಲೋಟವನ್ನು ನೆಲಕ್ಕಿಟ್ಟೆ. ದನಿ ಏರದಂತೆ ನೋಡಿಕೊಂಡೆ, ಬಿಪಿ ಇತ್ತಲ್ಲ.

"ಆಪರೇಷನ್ ಮುಗಿಯಿತು ಅತ್ತೆ. ಇನ್ನು ಮೇಲಾದರೂ ಬರೀ ಹಾಲು ಕೊಡಿ."

ಅತ್ತೆ ಲೋಟವನ್ನು ಎತ್ತಿ ಮತ್ತೆ ನನ್ನ ಕೈಗೇ ಇಟ್ಟರು.

"ಇನ್ನೊಂದು ಕಣ್ಣೈತಲ್ಲಪ್ಪ" ಎಂದರು.